ಗುಲ್ಲವ್ವನ ಎಡಹುಬ್ಬು

ಸೊಟ್ಟಗಾದ ಮುಖಗಳನ್ನೆಲ್ಲ ನೆಟ್ಟಗೆ ಮಾಡುವ ಯಂತ್ರವೊಂದು ಬಂದರೆ ಲೋಕಕ್ಕೆ ಸಂತೋಷವಾಗುತ್ತದೆ ಎಂದು ಹುಬ್ಬಳ್ಳಿಯ ನರಯಂತ್ರ ಕೇಂದ್ರದವರು ನಂಬಿದ್ದರು. ಲೋಕಕ್ಕೆ ಸಂತೋಷವಾಗಿಯೂ ಇತ್ತು. ಆಗದೆ ಉಳಿದದ್ದು ಒಬ್ಬಳಿಗೆ. ಸೊಟ್ಟ ಮುಖವನ್ನೇ ಮೂವತ್ತು ವರ್ಷ ಜನಕ್ಕೆ ತೋರಿಸಿ ಉಂಡವಳು ನೆಟ್ಟಗಿನ ಮುಖ ಇಟ್ಟುಕೊಂಡು ಏನು ಮಾಡಬೇಕು, ನೀವೇ ಹೇಳಿ.

ಮಂದಾಕಿನಿ ಗುಳೇದಗುಡ್ಡ ಎಂದರೆ ಬಾಗಲಕೋಟೆಯಿಂದ ಬಳ್ಳಾರಿಯವರೆಗೆ ನಾಟಕದ ಹುಚ್ಚಿದ್ದವರಿಗೆಲ್ಲ ಗೊತ್ತು. ಮೃಡೇಶ್ವರ ನಾಟ್ಯ ಸಂಘದ ಹಾಸ್ಯನಟಿ. ಚಾಲಕನಿಲ್ಲದ ಬಸ್ಸುಗಳು ಓಡಾಡುವ ಕಾಲ ಬಂತು, ಮನೆಯ ಗೋಡೆಯೇ ಸಿನಿಮಾ ತೋರಿಸುವ ಕಾಲವೂ ಬಂತು. ಈ ಕಂಪನಿ ಮಾತ್ರ ತಗಡಿನ ಥೇಟರನ್ನು ಲಾರಿಗೆ ಹೇರಿಕೊಂಡು ಊರಿಂದ ಊರಿಗೆ ತಿರುಗುವುದನ್ನು ಬಿಟ್ಟಿರಲಿಲ್ಲ. ಕಂಪನಿ ನಡೆಯುತ್ತಿದ್ದದ್ದು ‘ಗೌಡ್ತಿಯ ಗಡಿಯಾರ’ ಎಂಬ ನಾಟಕದಿಂದ. ಆ ನಾಟಕ ನಡೆಯುತ್ತಿದ್ದದ್ದು ಅದರೊಳಗಿನ ಕೆಲಸದಾಕೆ ಗುಲ್ಲವ್ವನಿಂದ. ಗುಲ್ಲವ್ವ ಎಂದರೆ ಮಂದಾಕಿನಿ, ಮಂದಾಕಿನಿ ಎಂದರೆ ಗುಲ್ಲವ್ವ. ಸಂತೆಗೆ ಹೋದರೂ ಜನ ಆಕೆಯನ್ನು ಹಾಗೆಯೇ ಕರೆಯುತ್ತಿದ್ದರು.

ಗುಲ್ಲವ್ವನ ಕಸುಬೆಲ್ಲ ಇದ್ದದ್ದು ಮುಖದಲ್ಲಿ. ಗೌಡ್ತಿ ಬೈಯುವಾಗ ಮುಖದ ಒಂದು ಭಾಗ “ಹೌದ್ರವ್ವಾ, ತಪ್ಪಾತ್ರಿ” ಎಂದು ಬಾಡಿ ನಿಲ್ಲುತ್ತಿತ್ತು. ಇನ್ನೊಂದು ಭಾಗ ಜನರ ಕಡೆ ಹುಬ್ಬು ಹಾರಿಸಿ, ತುಟಿಯ ಮೂಲೆಯಲ್ಲಿ ನಕ್ಕು, ಕಣ್ಣು ಹೊಡೆಯುತ್ತಿತ್ತು. ಒಂದೇ ಮುಖದಲ್ಲಿ ಸುಳ್ಳೂ ನಿಜವೂ ಒಟ್ಟಿಗೆ ಬಾಡಿಗೆಗಿದ್ದವು. ಅದನ್ನು ನೋಡಲಿಕ್ಕೇ ಜನ ಚಾಪೆ ಹಿಡಿದುಕೊಂಡು ಬರುತ್ತಿದ್ದರು.

ಇನ್ನೊಂದು ಗುಟ್ಟು ಜನಕ್ಕೆ ಗೊತ್ತಿರಲಿಲ್ಲ. ರಂಗದ ಕೆಳಗೆ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಕೂರುವ ಫಕೀರಪ್ಪ ಮಾಸ್ತರ ಮಂದಾಕಿನಿಯ ಗಂಡ. ಹಾಡಿನ ನಡುವೆ ಆಕೆ ಎಡಹುಬ್ಬು ಹಾರಿಸಿದರೆ “ಜನ ಕುಣಿಯಾಕತ್ತಾರ, ಇನ್ನೊಂದು ನುಡಿ ಎತ್ತು” ಎಂದರ್ಥ. ಬಲಹುಬ್ಬು ಹಾರಿಸಿದರೆ “ಸಾಕು, ಇಲ್ಲಿಗೆ ಮುಗಿಸು.” ಮದುವೆಯಾದ ಹೊಸತರಲ್ಲಿ ಗೊತ್ತು ಮಾಡಿಕೊಂಡ ಸನ್ನೆ ಅದು. ರಂಗದ ಮೇಲೆ ಎಷ್ಟು ಸಲ ನಡೆಯಿತೋ ಮನೆಯಲ್ಲಿಯೂ ಅಷ್ಟೇ ಸಲ ನಡೆಯಿತು. ನೆಂಟರ ಮನೆಯಲ್ಲಿ ಮಾಸ್ತರ ಹಳೆಯ ಕಂಪನಿಗಳ ಪುರಾಣ ಬಿಚ್ಚಿ ಕೂತರೆ ಈಕೆಯ ಬಲಹುಬ್ಬು ಏಳುತ್ತಿತ್ತು, ಮಾಸ್ತರರ ಬಾಯಿ ಅರ್ಧ ಮಾತಿಗೇ ಮುಚ್ಚುತ್ತಿತ್ತು.

ಇಂಥವಳಿಗೆ ಎಡಗಿವಿಯಲ್ಲಿ ಗುಂಯ್ ಎನ್ನಲು ಶುರುವಾಯಿತು. ಮೊದಲು ಸೌಂಡ್ ಬಾಕ್ಸಿನ ತಕರಾರು ಎಂದು ಎಲೆಕ್ಟ್ರಿಷಿಯನ್‌ನನ್ನು ಬೈದಳು. ಆಮೇಲೆ ಗೌಡ್ತಿಯ ಮಾತು ಕೇಳದೆ ಎರಡು ಸಲ ಉತ್ತರ ತಪ್ಪಿತು. ಒಂದು ದಿನ ಮೆಟ್ಟಿಲಿಳಿಯುವಾಗ ನೆಲವೇ ಓರೆಯಾಗಿ ಬಿದ್ದಳು. ಕಿವಿಯ ನರದ ಮೇಲೆ ಗಡ್ಡೆ ಬೆಳೆದಿದೆ, ಕೆಟ್ಟ ಗಡ್ಡೆಯಲ್ಲ, ಆದರೆ ಮಿದುಳನ್ನು ಒತ್ತುತ್ತಿದೆ, ತೆಗೆಯಲೇಬೇಕು ಎಂದರು. ತೆಗೆದರು. ಪ್ರಾಣ ಉಳಿಯಿತು, ಎಡಗಿವಿ ಹೋಯಿತು. ಅದರ ಪಕ್ಕದಲ್ಲೇ ಹಾದುಹೋಗುವ ಮುಖದ ನರಕ್ಕೂ ಪೆಟ್ಟಾಗಿ ಮುಖದ ಎಡಭಾಗ ಜೋತುಬಿತ್ತು. ಹುಬ್ಬು ಇಳಿಯಿತು, ಕಣ್ಣು ಮುಚ್ಚದಾಯಿತು, ನೀರು ಕುಡಿದರೆ ತುಟಿಯ ಮೂಲೆಯಿಂದ ಸೋರಿತು. ಮಂದಾಕಿನಿ ಆಸ್ಪತ್ರೆಯಲ್ಲಿ ಒಮ್ಮೆ ಕನ್ನಡಿ ನೋಡಿಕೊಂಡಳು. ನೋಡಿದವಳೇ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಗಂಡನಿಗೂ ತೋರಿಸಲಿಲ್ಲ.

ಆಗ ಬಂದದ್ದು ಹುಬ್ಬಳ್ಳಿ ಕೇಂದ್ರದವರ ಯಂತ್ರ ‘ಸಮವದನ’. ಬಲಗೆನ್ನೆ ಮತ್ತು ಬಲಹುಬ್ಬಿನ ಮೇಲೆ ಚರ್ಮದ ಬಣ್ಣದ್ದೇ ತೆಳು ಪಟ್ಟಿಗಳು. ಎಡಗಿವಿಯ ಹಿಂದೆ ಚರ್ಮದೊಳಗೆ ಒಂದು ಬಿಲ್ಲೆ, ಅದರಿಂದ ಎಡಮುಖದ ಸ್ನಾಯುಗಳಿಗೆ ಕೂದಲೆಳೆಯಂಥ ತಂತಿಗಳು. ಹೊರಗಿನಿಂದ ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಗುಂಡಿ. ಬಲಭಾಗ ಏನು ಮಾಡುತ್ತದೋ ಅದನ್ನು ಪಟ್ಟಿಗಳು ಓದುತ್ತವೆ, ಗುಂಡಿ ಅದನ್ನು ಒಳಕ್ಕೆ ಕಳಿಸುತ್ತದೆ, ಎಡಭಾಗ ಅದನ್ನೇ ತಿರುಗಿ ಮಾಡುತ್ತದೆ. ಬಲಗಡೆ ನಕ್ಕರೆ ಎಡಗಡೆ ನಗು. ಬಲಗಣ್ಣು ಮುಚ್ಚಿದರೆ ಎಡಗಣ್ಣೂ ಮುಚ್ಚುತ್ತದೆ. ಇಷ್ಟೇ ಸೂತ್ರ. ಗುಂಡಿಯನ್ನು ತುರುಬಿನಲ್ಲಿ ಮುಚ್ಚಿ ಮೇಲೊಂದು ಸೇವಂತಿಗೆ ಸಿಕ್ಕಿಸಿದರೆ ಯಾರಿಗೂ ಏನೂ ಗೊತ್ತಾಗದು.

ಮೊದಲ ದಿನ ಮಾಸ್ತರ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. “ಮದಿವ್ಯಾಗಿಂದಕಿಂತಾ ಚಂದ ಕಾಣಾಕತ್ತಿ ನೋಡು ಮಂದಾ” ಎಂದರು. ಮಂದಾಕಿನಿ ಖುಷಿಯಲ್ಲಿ ಅವರಿಗೊಂದು ಕಣ್ಣು ಹೊಡೆದಳು. ಎರಡೂ ಕಣ್ಣು ಮುಚ್ಚಿಕೊಂಡವು. ಮಾಸ್ತರರಿಗೆ ಆಕೆ ದೇವರಿಗೆ ಕೈ ಮುಗಿದಂತೆ ಕಂಡಿತು, ತಾವೂ ಕೈ ಮುಗಿದರು. ಅಲ್ಲಿಂದ ಶುರು ನೋಡಿ ತಲೆಬಿಸಿ.

ಕೇಂದ್ರದ ಒಂದು ಗೋಡೆಯ ತುಂಬ ಸಮವದನ ಹಾಕಿಸಿಕೊಂಡವರ ಮುಖಗಳು, ಒಂದೊಂದರ ಕೆಳಗೂ ಒಂದು ಅಂಕ. ಯಾರ ಗುಂಡಿ ಎಲ್ಲಿ ಕಳಚಿದರೂ ಅಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವಳು ಅನಘಾ ಹೊಳ್ಳ, ಉಡುಪಿ ಕಡೆಯ ಹುಡುಗಿ. ಮಾತು ಮೃದು, ಕೆಲಸದಲ್ಲಿ ಚುರುಕು, ನಾಟಕ ಮಾತ್ರ ಜನ್ಮದಲ್ಲಿ ನೋಡಿದವಳಲ್ಲ.

“ನೂರಕ್ಕೆ ತೊಂಬತ್ತೆಂಟು! ಮೇಡಂ, ನಮ್ಮ ಕೇಂದ್ರದಲ್ಲೇ ನಿಮ್ಮದು ಅತಿ ಹೆಚ್ಚು” ಎಂದಳು ಅನಘಾ.

“ಏನು ತೊಂಬತ್ತೆಂಟು?”

“ಸಮತೆ. ನಿಮ್ಮ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ ಅಂತ.”

“ಅದ ನನ್ನ ಕುತ್ತಿಗಿಗೆ ಬಂದೈತ್ರಿ, ಬಾಯಾರ” ಎಂದಳು ಮಂದಾಕಿನಿ. “ನನಗ ಕಣ್ಣ ಹೊಡಿಯಾಕ ಬರಬೇಕು.”

ಅನಘಾಳ ಕೈ ಕೀಲಿಮಣೆಯ ಮೇಲೆ ನಿಂತಿತು. “ಕಣ್ಣು... ಯಾರಿಗೆ ಮೇಡಂ?”

“ಮಂದಿಗಿ! ಸಾವಿರ ಮಂದಿಗಿ!”

ಹುಡುಗಿಯ ಮುಖ ಕೆಂಪಾಯಿತು. ಮಂದಾಕಿನಿ ಹಣೆ ಚಚ್ಚಿಕೊಂಡು ಮೊದಲಿನಿಂದ ಹೇಳಿದಳು: ಕಂಪನಿ, ಗುಲ್ಲವ್ವ, ಎಡಹುಬ್ಬು, ಬಲಹುಬ್ಬು, ಪೇಟಿ, ಮಾಸ್ತರ. ಅನಘಾ ಎಲ್ಲ ಕೇಳಿದಳು. ಪಾಪ, ಆಕೆಗೂ ಮನಸ್ಸಿತ್ತು. “ನಿಮ್ಮ ಹಳೆಯ ನಾಟಕಗಳ ವಿಡಿಯೋ ಇದ್ದರೆ ಕೊಡಿ ಮೇಡಂ. ನಿಮ್ಮ ಮುಖ ಮೊದಲು ಹೇಗಿತ್ತು ಅಂತ ಯಂತ್ರ ನೋಡಿ ಕಲಿಯುತ್ತೆ. ಆಮೇಲೆ ಅದಕ್ಕೆ ತಕ್ಕ ಹಾಗೆ ಬದಲಾಯಿಸಬಹುದೇನೋ” ಎಂದಳು. ಮಂದಾಕಿನಿಗೆ ಹೋದ ಜೀವ ಬಂದಂತಾಯಿತು. ಕಂಪನಿಯ ಪೆಟ್ಟಿಗೆಯಲ್ಲಿದ್ದ ವಿಡಿಯೋಗಳನ್ನೆಲ್ಲ, ಇಪ್ಪತ್ತು ವಯಸ್ಸಿನ ಗುಲ್ಲವ್ವನಿಂದ ಐವತ್ತರ ಗುಲ್ಲವ್ವನವರೆಗೆ, ಒಂದೂ ಬಿಡದೆ ಕಳಿಸಿಕೊಟ್ಟಳು.

ಅಷ್ಟರಲ್ಲಿ ಕಂಪನಿ ಗಜೇಂದ್ರಗಡದಲ್ಲಿ ಕ್ಯಾಂಪು ಹಾಕಿತ್ತು. ತಗಡು ಏರಿಸಿ, ಪರದೆ ಕಟ್ಟಿ, ಬೆಳಿಗ್ಗೆ ತಾಲೀಮು ಶುರುವಾಯಿತು. ಗಡ್ಡೆ ತೆಗೆಸಿಕೊಂಡ ಮೇಲೆ ಮಂದಾಕಿನಿಯ ಕಾಲು ಇನ್ನೂ ಸ್ವಲ್ಪ ತೂರಾಡುತ್ತಿತ್ತು. ಅದನ್ನಾಕೆ ಗುಲ್ಲವ್ವನ ನಡಿಗೆಯೊಳಗೆ ಸೇರಿಸಿಬಿಟ್ಟಿದ್ದಳು. ಅಷ್ಟು ಜಾಣತನ ಇದ್ದೇ ಇತ್ತು. ಮುಖವನ್ನು ಮಾತ್ರ ಎಲ್ಲಿಗೂ ಸೇರಿಸಲಾಗಲಿಲ್ಲ. ಗೌಡ್ತಿ ಬೈದಳು, ಗುಲ್ಲವ್ವನ ಎರಡೂ ಹುಬ್ಬು ಎದ್ದವು. ತುಂಟಿಯಂತೆ ಕಾಣಲಿಲ್ಲ, ಬಸ್ಸು ತಪ್ಪಿಸಿಕೊಂಡವಳಂತೆ ಕಂಡಳು. ತುಟಿಯ ಮೂಲೆಯಲ್ಲಿ ನಗಹೋದಳು, ಬ್ಯಾಂಕಿನ ಕೌಂಟರಿನವರಂತೆ ನೆಟ್ಟಗೆ ನಕ್ಕಳು.

ಹಾಡಿಗೆ ಬಂದಾಗ ಇನ್ನೂ ಅಧ್ವಾನ. ಮುಗಿಸಲೆಂದು ಬಲಹುಬ್ಬು ಎತ್ತಿದಳು. ಎರಡೂ ಎದ್ದವು. ಮಾಸ್ತರ ಗೊಂದಲಕ್ಕೆ ಬಿದ್ದು ಇನ್ನೊಂದು ನುಡಿ ಎತ್ತಿದರು. ತಬಲದವನು ಮುಗಿಸಿದ, ಪೇಟಿ ಓಡಿತು, ಗುಲ್ಲವ್ವ ನಡುವೆ ಬಾಯಿ ತೆರೆದು ನಿಂತಳು.

“ಏನ್ರೀ ಮಾಸ್ತರ, ಮುಗಸ್ರಿ ಅಂದ್ನೆಲ್ಲ!”

“ಎಲ್ಲಿ ಅಂದಿ? ಎರಡೂ ಹುಬ್ಬ ಎತ್ತಿದಿ. ನಾ ಏನ್ ತಿಳಕೋಬೇಕು?”

“ಬಲಕಿನದು ಮೊದಲ ಏಳತೈತಿ, ಚೊಲೊತ್ನಾಗಿ ನೋಡ್ರಿ!”

“ನೋಡಾಕತ್ತೀನಿ. ಎರಡೂ ಕೂಡೇ ಏಳತಾವು. ಅವಳಿ ಮಕ್ಕಳ ಗತೆ.”

ಮಾಲೀಕ ಅಂದಾನಪ್ಪ ಮುಂದಿನ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದ. ಒಳ್ಳೆಯ ಮನುಷ್ಯ, ಒಳ್ಳೆಯ ಮನುಷ್ಯರ ಹಾಗೆಯೇ ಎದೆಗೆ ಚುಚ್ಚುವಂತೆ ಮಾತಾಡಿದ. “ಮಂದಕ್ಕಾ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಮಾರಿ ಈಗ ಎಷ್ಟು ಶಾಂತ ಆಗೈತಿ ಅಂದ್ರ, ತಾಯಿ ಪಾತ್ರಕ್ಕ ಹೇಳಿ ಮಾಡಿಸಿದಂಗೈತಿ. ಗೌಡನ ತಾಯಿ ಆಗು. ಒಂದ ಕಡೆ ಕೂತು ಅಳೂದು. ಗುಲ್ಲವ್ವನ್ನ ರೂಪಾ ಮಾಡಲಿ, ಆಕಿ ಮಾತೆಲ್ಲ ಬಾಯಿಪಾಠ ಮಾಡ್ಯಾಳ.”

ತಾಯಿ ಪಾತ್ರ! ಹಾಸ್ಯನಟಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮಂದಾಕಿನಿಯ ಮೈಯೆಲ್ಲ ಉರಿಯಿತು. “ಗುಲ್ಲವ್ವ ನನ್ನ ಪಾತ್ರ ಅಂದಾನಪ್ಪಾ. ಮೊದಲ ಆಟ ನಾನ ಮಾಡತೇನಿ.”

“ಆತು ಬಿಡು. ಮೊದಲ ಆಟ ನೀ ಮಾಡು. ಮಂದಿ ನಕ್ರ ಪಾತ್ರ ನಿಂದು. ನಗಲಿಲ್ಲಂದ್ರ ಮರುದಿನದಿಂದ ನೀ ತಾಯಿ, ಆಮ್ಯಾಲ ಮಾತಿಲ್ಲ.”

ಆಕೆ ಒಪ್ಪಿದಳು. ಹುಬ್ಬಳ್ಳಿಗೆ ಕಳಿಸಿದ ವಿಡಿಯೋಗಳನ್ನು ನೆಚ್ಚಿಕೊಂಡು ಒಪ್ಪಿದಳು.

ಬಿಡಾರದಲ್ಲಿ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಮಾಸ್ತರ ಮೆಲ್ಲಗೆ ಮಾತೆತ್ತಿದರು. “ತಾಯಿ ಪಾತ್ರ ಅಂಥಾ ಕೆಟ್ಟದೇನಲ್ಲ ಮಂದಾ. ಕೂತು ಮಾಡೂದು. ನಿನ್ನ ಕಾಲಿಗೂ ಆರಾಮ. ತೆಲಿ ತಿರುಗಿದ್ರೂ ಯಾರಿಗೂ ಗೊತ್ತಾಗೂದಿಲ್ಲ.”

ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. “ನೀವೂ ಅವರ ಕಡೇನೇನ್ರಿ?”

“ಯಾರ ಕಡೇನೂ ಅಲ್ಲ. ಆಪರೇಷನ್ ಥೇಟರಿನ ಹೊರಗ ಕುಂತಾಗ ನಾ ದೇವ್ರ ಕಡೆ ಬೇಡಿಕೊಂಡಿದ್ದು ಗುಲ್ಲವ್ವನ್ನಲ್ಲ, ನಿನ್ನ. ನೀ ಬದುಕಿ ಬಂದಿ, ನನಗ ಅಷ್ಟ ಸಾಕು.”

“ಬದುಕಿ ಬಂದಾಕಿನ್ನ ನೀವು ಎಲ್ಲಿ ನೋಡೀರಿ? ನೀವು ನೋಡೂದು ಈ ಗುಂಡಿ ಮಾಡೋ ಮಾರಿ.”

“ತೋರಿಸಿದ್ರ ನೋಡತಿದ್ದೆ” ಎಂದರು ಮಾಸ್ತರ.

ಮಂದಾಕಿನಿ ಹಂಚಿನ ಮೇಲೆ ರೊಟ್ಟಿ ಹಾಕಿದಳು. ಅವರು ಹೇಳಿದ್ದು ನಿಜವೇ ಆಗಿತ್ತು. ಗುಂಡಿ ತೆಗೆಯುತ್ತಿದ್ದದ್ದು ಬಚ್ಚಲಿನಲ್ಲಿ, ಅಗುಳಿ ಹಾಕಿಕೊಂಡು. ಮಲಗುವಾಗ ಎಡಗಣ್ಣಿಗೆ ಹನಿ ಹಾಕಿ, ಬಟ್ಟೆ ಕಟ್ಟಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಜೋತುಬಿದ್ದ ಆ ಅರ್ಧ ಮುಖವನ್ನು ಗಂಡ ನೋಡಿ ಅಯ್ಯೋ ಎಂದುಬಿಟ್ಟರೆ? ಜನ ಆಕೆಯನ್ನು ನೋಡಿ ನಕ್ಕಿದ್ದರು, ಬೈದಿದ್ದರು, ಶಿಳ್ಳೆ ಹೊಡೆದಿದ್ದರು. ಅಯ್ಯೋ ಎಂದವರು ಯಾರೂ ಇರಲಿಲ್ಲ. ಅದೊಂದು ಆಕೆಯಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅದಕ್ಕೂ ಮಾಸ್ತರರನ್ನೇ ಬೈದಳು.

ಆಟಕ್ಕೆ ಎರಡು ದಿನ ಮೊದಲು ಕೇಂದ್ರದಿಂದ ಕರೆ ಬಂತು. ಮಂದಾಕಿನಿ ಹೊಸ ಸೀರೆ ಉಟ್ಟುಕೊಂಡು ಹುಬ್ಬಳ್ಳಿಗೆ ಹೋದಳು.

ಅನಘಾ ಎದ್ದು ನಿಂತು ಕುರ್ಚಿ ಕೊಟ್ಟಳು. ಆ ಮರ್ಯಾದೆ ನೋಡಿದಾಗಲೇ ಮಂದಾಕಿನಿಗೆ ಏನೋ ಕೆಟ್ಟಿದೆ ಎನ್ನಿಸಿತು.

“ಮೇಡಂ, ನಿಮ್ಮ ವಿಡಿಯೋಗಳನ್ನೆಲ್ಲ ಯಂತ್ರ ನೋಡಿತು” ಎಂದಳು ಅನಘಾ. “ಅದರ ಪ್ರಕಾರ... ನಿಮಗೆ ಈ ಕಾಯಿಲೆ ಮೂವತ್ತು ವರ್ಷದಿಂದ ಇದೆ.”

“ಯಾವ ಕಾಯಿಲೆ?”

“ಮುಖದ ಪಾರ್ಶ್ವವಾಯು. ಕೆಲವು ಸಲ ಎಡಗಡೆ, ಕೆಲವು ಸಲ ಬಲಗಡೆ. ವಿಶೇಷವಾಗಿ ಸಂಜೆ ಹೊತ್ತು, ಜನ ಇದ್ದಾಗ ಜಾಸ್ತಿ.”

ಮಂದಾಕಿನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆಯ ಧ್ವನಿ ಆ ಕೋಣೆಯ ಗಾಜು ದಾಟಿ ಹೊರಗೆ ಕೂತವರಿಗೂ ಕೇಳಿಸಿತು.

“ಅದು ರೋಗಲ್ಲವಾ, ಅದು ಪಾರ್ಟು! ಅದನ್ನ ನೋಡಾಕ ಮಂದಿ ತಿಕೀಟು ತಗೊಂಡು ಬರತಿದ್ರು! ಯಂತ್ರಕ್ಕ ತಿಳಿಲಿಲ್ಲ ಅಂದ್ರ ನಿಮಗಾದ್ರೂ ತಿಳೀಬಾರದೇನು?”

“ನನಗೆ ತಿಳೀತು ಮೇಡಂ. ವಿಡಿಯೋ ನೋಡಿ ನಾನೇ ನಕ್ಕೆ” ಎಂದಳು ಅನಘಾ. ಆಕೆಯ ಕಣ್ಣು ತುಂಬಿತ್ತು. “ಆದರೆ ಯಂತ್ರ ನಿಮ್ಮನ್ನು ‘ತೀವ್ರ’ ಅಂತ ಗುರುತು ಹಾಕಿಬಿಟ್ಟಿದೆ. ತೀವ್ರ ರೋಗಿಗಳ ಯಂತ್ರವನ್ನು ಬದಲಾಯಿಸೋ ಅಧಿಕಾರ ನನಗಿಲ್ಲ. ಸಮಿತಿ ಕೂಡಬೇಕು, ತಿಂಗಳುಗಟ್ಟಲೆ ಆಗುತ್ತೆ. ಅಲ್ಲಿವರೆಗೆ ಅದೇ ತಾನಾಗಿ ಇನ್ನಷ್ಟು ಬಿಗಿ ಮಾಡಿಕೊಂಡಿದೆ.”

“ಬಿಗಿ ಅಂದ್ರ?”

ಅನಘಾ ಗೋಡೆಯ ಕಡೆ ಕೈ ತೋರಿಸಿದಳು. ಮಂದಾಕಿನಿಯ ಮುಖದ ಕೆಳಗೆ ಹಸಿರು ಅಕ್ಷರದಲ್ಲಿ ನೂರಕ್ಕೆ ನೂರು ಎಂದಿತ್ತು. ಶಾಲೆಯಲ್ಲಿ ಒಂದು ದಿನವೂ ಆಕೆಗೆ ಬಾರದ ಅಂಕ.

“ದಯವಿಟ್ಟು ಗುಂಡಿ ಮಾತ್ರ ತೆಗೆಯಬೇಡಿ” ಎಂದಳು ಅನಘಾ ಬಾಗಿಲವರೆಗೂ ಬಂದು. “ಎಡಗಣ್ಣು ಮುಚ್ಚೋದಿಲ್ಲ, ಒಣಗಿ ಹುಣ್ಣಾಗುತ್ತೆ. ತೆಗೆದರೂ ಹನಿ ಹಾಕ್ಕೊಳ್ಳಿ, ತುಂಬ ಹೊತ್ತು ಬಿಡಬೇಡಿ.”

ಚಾಲಕನಿಲ್ಲದ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ತಿರುಗಿ ಬರುವಾಗ ಮಂದಾಕಿನಿಗೆ ಬೈಯಲಿಕ್ಕೆ ಒಬ್ಬ ಡ್ರೈವರಾದರೂ ಇರಬಾರದಿತ್ತೇ ಎನ್ನಿಸಿತು.

ಆಟದ ಸಂಜೆ ತಗಡಿನ ಥೇಟರು ಕಿಕ್ಕಿರಿದಿತ್ತು. ಗುಲ್ಲವ್ವ ಕಾಯಿಲೆಯಿಂದ ಎದ್ದು ಬಂದಿದ್ದಾಳೆ ಎಂಬ ಸುದ್ದಿ ಹಬ್ಬಿ ಸುತ್ತಮುತ್ತಲಿನ ಹಳ್ಳಿಗಳೆಲ್ಲ ಬಂದಿದ್ದವು. ಮಂದಾಕಿನಿ ಹಸಿರು ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ ಬಂದು ನಿಂತ ಕೂಡಲೇ ಶಿಳ್ಳೆ, ಚಪ್ಪಾಳೆ. ಒಂದೇ ಕಿವಿಯವಳಿಗೆ ಸಪ್ಪಳ ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಎಲ್ಲ ಬಲಗಡೆಯಿಂದಲೇ ಬಂದಂತಿರುತ್ತದೆ. ಆಕೆ ಸುಮ್ಮನೆ ಎದುರಿಗೆ ಕೈ ಮುಗಿದಳು.

ಚಪ್ಪಾಳೆ ಅಲ್ಲಿಗೇ ನಿಂತಿತು. ಮೊದಲ ಪ್ರವೇಶದಲ್ಲಿ ಜನ ಪ್ರೀತಿಗೆ ನಕ್ಕರು. ಎರಡನೆಯದರಲ್ಲಿ ಮರ್ಯಾದೆಗೆ ನಕ್ಕರು. ಮೂರನೆಯದರಲ್ಲಿ ಕಡಲೆ ತಿಂದರು. ನಗುವ ಜಾಗಕ್ಕೆಲ್ಲ ಮಂದಾಕಿನಿ ಮಾತು ಹಾಕಿ ನೋಡಿದಳು, ಜಾರಿ ಬಿದ್ದು ನೋಡಿದಳು. ಮುಖ ನೂರಕ್ಕೆ ನೂರು ನೆಟ್ಟಗಿತ್ತು. ಪಕ್ಕದ ಪರದೆಯ ಮರೆಯಲ್ಲಿ ರೂಪಾ, ಗುಲ್ಲವ್ವನದೇ ಇನ್ನೊಂದು ಹಸಿರು ಸೀರೆ ಉಟ್ಟು, ಬಣ್ಣ ಹಚ್ಚಿಕೊಂಡು, ನಾಳೆಯ ಸಲುವಾಗಿ ನೋಡಿ ಕಲಿಯುತ್ತ ನಿಂತಿದ್ದಳು. ಪಾಪದ ಹುಡುಗಿ, ಅದಕ್ಕೂ ನಗು ಬಂದಿರಲಿಲ್ಲ.

ಗಡಿಯಾರದ ಹಾಡು ಬಂತು. ಗೌಡ್ತಿಯ ಗಡಿಯಾರ ಕಳುವಾಗಿದೆ, ಕದ್ದದ್ದು ಗುಲ್ಲವ್ವ, ಆಕೆಯೇ ಹುಡುಕುವ ನಾಟಕ ಆಡುತ್ತ ಹಾಡಬೇಕು. ಎರಡನೆಯ ನುಡಿಗೇ ಹಿಂದಿನ ಸಾಲಿನಲ್ಲಿ ಕೆಮ್ಮು ಎದ್ದಿತು. ಸತ್ತ ಹಾಡನ್ನು ಎಳೆಯಬಾರದು. ಮಂದಾಕಿನಿ ಬಲಹುಬ್ಬು ಎತ್ತಿದಳು. ಎರಡೂ ಎದ್ದವು. ಮಾಸ್ತರ ಆಕೆಯನ್ನೇ ನೋಡುತ್ತಿದ್ದರು, ಹಣೆಯಲ್ಲಿ ಬೆವರು. ತಪ್ಪಬಾರದೆಂದು ಹೆದರಿ ಹೆದರಿ ಮೂರನೆಯ ನುಡಿ ಎತ್ತಿದರು. ಆಕೆ ಅದನ್ನೂ ಹಾಡಿದಳು. ಮತ್ತೆ ಹುಬ್ಬು ಎತ್ತಿದಳು, ಮತ್ತೆ ಎರಡೂ ಎದ್ದವು, ನಾಲ್ಕನೆಯದು ಶುರುವಾಯಿತು. ಹಿಂದಿನಿಂದ ಯಾರೋ “ಸಾಕ್ ಬಿಡಬೇ!” ಎಂದು ಕೂಗಿದರು.

ಕೂಗಿದವನ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ತುರುಬಿನೊಳಗಿನ ಆ ಗುಂಡಿಯ ಮೇಲೆ. ಆಪರೇಷನ್ ಆದ ಐದು ತಿಂಗಳಿಂದ ಹಲ್ಲು ಕಚ್ಚಿ ಸಹಿಸಿದ್ದೆಲ್ಲ, ತೊಂಬತ್ತೆಂಟು, ನೂರು, ತೀವ್ರ, ಸಮಿತಿ, ತಾಯಿ ಪಾತ್ರ, ಒಂದೇ ಸಲ ನೆತ್ತಿಗೇರಿತು. ಗಂಡ ನೋಡುತ್ತಾನೆ, ಸಾವಿರ ಜನ ನೋಡುತ್ತಾರೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕೈ ತುರುಬಿಗೆ ಹೋಯಿತು. ಸೇವಂತಿಗೆ ಸಮೇತ ಗುಂಡಿ ಕಿತ್ತು ಕೈಗೆ ಬಂತು.

“ಸಾಕ್ ಮಾಡು ನಿನ್ನ ಶಾಣ್ಯಾತನ!”

ಎಡಮುಖ ಜೋತುಬಿತ್ತು. ಹುಬ್ಬು ಇಳಿಯಿತು, ಕೆನ್ನೆ ಜಾರಿತು, ತುಟಿಯ ಮೂಲೆ ಗದ್ದದ ಕಡೆ ಹೋಯಿತು. ದೊಡ್ಡ ದೀಪದ ಬೆಳಕಿನಲ್ಲಿ ಎಲ್ಲ ಕಂಡಿತು. ಥೇಟರಿನಲ್ಲಿ ಕಡಲೆ ಅಗಿಯುವ ಸದ್ದೂ ನಿಂತಿತು. ಪೇಟಿ ನಡುವೆಯೇ ನಿಂತಿತು. ಮಾಸ್ತರ ಬೆರಳು ಪೇಟಿಯ ಮನೆಗಳ ಮೇಲಿಟ್ಟುಕೊಂಡೇ ತಲೆಯೆತ್ತಿ ನೋಡುತ್ತಿದ್ದರು. ಆಗ ಮಂದಾಕಿನಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ಮುಂದಿನ ಸಾಲಿನ ಒಬ್ಬ ಹೆಂಗಸು “ಅಯ್ಯ...” ಎಂದು ಬಾಯಿ ತೆರೆದದ್ದೂ ಕಂಡಿತು. ಆ ‘ಅಯ್ಯ’ ‘ಅಯ್ಯೋ’ ಆಗುವುದರೊಳಗೆ ಏನಾದರೂ ಮಾಡಬೇಕಾಗಿತ್ತು.

ಗೌಡ್ತಿ ಮಾಡುತ್ತಿದ್ದ ಹಳೆಯ ನಟಿ ಗಾಬರಿಯಲ್ಲಿ ತನ್ನ ಪಾತ್ರವನ್ನೇ ಹಿಡಿದುಕೊಂಡಳು. “ಯಾರಿಗಂದಿಯೇ ಗುಲ್ಲವ್ವಾ, ಸಾಕ್ ಮಾಡು ಅಂತ? ನನಗೇನ?”

“ನಿಮಗಲ್ರವ್ವಾ” ಎಂದಳು ಗುಲ್ಲವ್ವ. ತುಟಿ ಜಾರಿ ಮಾತು ಸ್ವಲ್ಪ ತೊದಲಿತು. ತೊದಲಿದ್ದನ್ನೇ ಎಳೆದು ಹೇಳಿದಳು. “ನನ್ನ ಈ ಅರ್ಧ ಮಾರಿಗೆ. ಭಾಳ ಶಾಣ್ಯಾ ಆಗಿತ್ತು. ಮಲಗಿಸೇನಿ.”

ಆ ಮುಂದಿನ ಸಾಲಿನ ಹೆಂಗಸೇ ಮೊದಲು ಕಿಸಕ್ಕೆಂದಳು. ಅದರ ಹಿಂದೆ ಉಳಿದವರು. ಗೌಡ್ತಿಗೆ ಧೈರ್ಯ ಬಂತು. “ಗಡಿಯಾರ ಕದ್ದವರ್ಯಾರು, ಹೇಳು!”

ಗುಲ್ಲವ್ವ ಸತ್ತ ಎಡಗೆನ್ನೆಯನ್ನು ಬೆರಳಿನಿಂದ ಮೇಲೆತ್ತಿ ಬಿಟ್ಟಳು. ಅದು ತಪ್ಪನೆ ಬಿತ್ತು. “ಈ ಕಡಿಗೆ ಏನೂ ಗೊತ್ತಿಲ್ರವ್ವಾ. ಪಾಪ, ನಿದ್ದಿ ಮಾಡೈತಿ.” ಆಮೇಲೆ ಬಲಗಡೆಯ ಹುಬ್ಬು ಒಂದೇ, ಒಂದೇ ಒಂದು, ಮೆಲ್ಲಗೆ ಮೇಲೆ ಹೋಯಿತು. ಬಲಗಣ್ಣು ಜನರ ಕಡೆ ಮಿಟುಕಿತು. “ಈ ಕಡಿನ್ನ ಕೇಳಬ್ಯಾಡ್ರಿ. ಇದಕ್ಕ ಎಲ್ಲಾ ಗೊತ್ತೈತಿ.”

ತಗಡಿನ ಗೋಡೆ ಗುಡುಗಿತು. ಐದು ತಿಂಗಳ ಮೇಲೆ ಮೊದಲ ಸಲ ಕೇಳಿದ ನಗು. ಯಾವ ಕಡೆಯಿಂದ ಬಂತೆಂದು ಹುಡುಕುವ ಕೆಲಸವೇ ಇರಲಿಲ್ಲ, ಎಲ್ಲ ಕಡೆಯಿಂದ ಬಂದಿತ್ತು. ಮಂದಾಕಿನಿ ಕೆಳಗೆ ನೋಡಿದಳು. ಬಲಹುಬ್ಬು ಇನ್ನೂ ಮೇಲೆಯೇ ಇತ್ತು. ಮಾಸ್ತರ ಅದನ್ನು ಕಂಡರು. ಅವರ ಕೈ ತಾನಾಗಿಯೇ ಹಾಡಿನ ಮುಕ್ತಾಯ ಬಾರಿಸಿತು, ತಬಲದವನು ಸರಿಯಾಗಿ ಬಂದು ಕೂಡಿಕೊಂಡ.

ಅಲ್ಲಿಂದ ಮುಂದೆ ಆ ಗುಂಡಿ ಗುಲ್ಲವ್ವನ ಕೈಯಲ್ಲಿತ್ತು. ಗೌಡ್ತಿ ಹೊಗಳಿದರೆ ತಲೆ ಕೆರೆದುಕೊಂಡಂತೆ ಮಾಡಿ ಗುಂಡಿ ಹಚ್ಚಿಕೊಳ್ಳುವಳು, ಇಡೀ ಮುಖ ಎದ್ದು ನಗುವುದು. ಗೌಡ್ತಿ ಬೈದರೆ ಕಿತ್ತುಕೊಳ್ಳುವಳು, ಅರ್ಧ ಮುಖ ಸತ್ತು ಬೀಳುವುದು, ಉಳಿದರ್ಧ ಜನರ ಜೊತೆ ಚಾಡಿ ಹೇಳುವುದು. ಹಾಡು ಬೇಕಾದಾಗ ಗುಂಡಿ ಹಚ್ಚಿ ಎರಡೂ ಹುಬ್ಬು ಎತ್ತಿದಳು, ಮಾಸ್ತರ ನುಡಿ ಎತ್ತಿದರು. ಸಾಕೆನಿಸಿದಾಗ ಕಿತ್ತು ಒಂದೇ ಹುಬ್ಬು ಎತ್ತಿದಳು, ಮಾಸ್ತರ ಮುಗಿಸಿದರು. ಪ್ರವೇಶದ ನಡುವೆ ಪರದೆಯ ಹಿಂದೆ ಹೋಗಿ ಎಡಗಣ್ಣಿಗೆ ಹನಿ ಹಾಕಿಕೊಂಡು ಓಡಿ ಬಂದಳು. ಅಂದಾನಪ್ಪ ಬಂದು ರೂಪಾಳ ಭುಜ ತಟ್ಟಿ, “ನೀ ಹೋಗಿ ಬಣ್ಣ ತೊಳಕೊಳ್ಳವಾ” ಎಂದ. ಹುಡುಗಿ ಕಣ್ಣೀರು ಬರುವಷ್ಟು ನಗುತ್ತಿದ್ದಳು, ಬಣ್ಣ ಅದಾಗಲೇ ಅರ್ಧ ತೊಳೆದುಹೋಗಿತ್ತು.

ಬೆಳಿಗ್ಗೆ ಬಿಡಾರದಲ್ಲಿ ಚಹಾ ಇಳಿಸುವ ಮೊದಲೇ ಫೋನು ಬಂತು. ಅನಘಾಳ ಧ್ವನಿ ಗಾಬರಿಯಲ್ಲಿತ್ತು.

“ಮೇಡಂ, ನಿನ್ನೆ ಸಂಜೆ ನಿಮ್ಮ ಯಂತ್ರ ಕೆಟ್ಟಿದೆ! ನಮ್ಮ ಗೋಡೆಯಲ್ಲಿ ನಿಮ್ಮ ದೀಪ ಹತ್ತಿ ಆರಿ, ಹತ್ತಿ ಆರಿ... ಎಲ್ಲರೂ ಎದ್ದು ನಿಂತಿದ್ದರು. ಗುಂಡಿ ಸರಿಯಾಗಿ ಅಂಟುತ್ತಿಲ್ಲ ಅನ್ನಿಸುತ್ತೆ. ಇವತ್ತೇ ಬನ್ನಿ, ದುರಸ್ತಿ ಮಾಡಿಕೊಡ್ತೀವಿ.”

“ದುರಸ್ತಿ ಬ್ಯಾಡ್ರೀ ಬಾಯಾರ, ಅದು ಈಗ ಸರಿ ಆಗೈತಿ” ಎಂದಳು ಮಂದಾಕಿನಿ. “ನಿಮ್ಮ ಸಮಿತಿಗೂ ಹೇಳ್ರಿ, ಕೂಡೂ ತ್ರಾಸ ತಗೋಬ್ಯಾಡ್ರಿ ಅಂತ. ಒಂದ ಕೆಲಸ ಮಾಡಿಕೊಡ್ರಿ. ಗುಂಡಿ ಇಷ್ಟ ಸಣ್ಣದು ಮಾಡೀರಿ, ಅವಸರದಾಗ ಬೆರಳಿಗೆ ಸಿಗವಲ್ದು. ಹಿಡಕೊಳ್ಳಾಕ ಒಂದು ಹಿಡಿ ಹಚ್ಚಿಕೊಡ್ರಿ.”

ಆ ಕಡೆಯಿಂದ “ಮೇಡಂ, ಇನ್ನೊಂದು ಆಟ ಯಾವಾಗ?” ಎಂದು ಕೇಳಿಸಿತು.

ಫೋನಿಟ್ಟು ಮಂದಾಕಿನಿ ಚಹಾ ಸೋಸಿ ತಂದು ಕೂತಳು. ಗುಂಡಿ ಚಹಾದ ಬಸಿಯಲ್ಲಿತ್ತು. ಕಿಟಕಿಯ ಬೆಳಕು ನೇರ ಮುಖದ ಮೇಲೆ ಬಿದ್ದಿತ್ತು. ಸೆರಗು ಎಳೆದುಕೊಳ್ಳಲು ಕೈ ಎದ್ದಿತು. ಆಕೆಯೇ ಅದನ್ನು ತಡೆದಳು. ಚಹಾ ಎಡತುಟಿಯಿಂದ ಸ್ವಲ್ಪ ಸೋರಿತು. ಒರೆಸಿಕೊಂಡಳು. ಮಾಸ್ತರ ತಮ್ಮ ಲೋಟ ಮುಟ್ಟದೆ ಆಕೆಯನ್ನೇ ನೋಡುತ್ತಿದ್ದರು.

“ಏನ್ ನೋಡಾಕತ್ತೀರಿ?”

“ನಿನ್ನ ಮಾರಿ” ಎಂದರು ಮಾಸ್ತರ. “ಮಂದಾ, ನಾ ಒಂದು ಮಾತು ಹೇಳಬೇಕಂತ ಮಾಡೇನಿ. ಆವತ್ತು ತಾಯಿ ಪಾತ್ರ ಮಾಡು ಅಂದ್ನೆಲ್ಲ, ನಾ ಅಂದಿದ್ದು ಭಾಳ ತಪ್ಪಾತು. ನಿನ್ನ ಮನಸು ತಿಳೀದ ನಾ...”

ಮಂದಾಕಿನಿಯ ಬಲಹುಬ್ಬು ಮೇಲ್ಗಡೆ ಹೋಯಿತು. ಒಂದೇ.

ಮಾಸ್ತರ ಅರ್ಧ ಮಾತಿಗೇ ಬಾಯಿ ಮುಚ್ಚಿ ಚಹಾ ಕುಡಿದರು.